ಯಜಮಾನ ಬದಲಾದ ರೈಲು

"ಈ ಸಲ ರಕ್ತದೊತ್ತಡ, ಕೊಲೆಸ್ಟರಾಲ್ ಬೇಡ ಡಾಕ್ಟ್ರೇ, ಬೇರೆ ಏನಾದರೂ ಬರೆಯಿರಿ" ಎಂದು ನಮ್ಮ ಸಂಪಾದಕರು ಅಪ್ಪಣೆ ಕೊಡಿಸಿದ್ದಾರೆ. ಆದ್ದರಿಂದ ಈ ಸಲ ಆಟಿಕೆ ರೈಲಿನ ವಿಚಾರ. ದಯವಿಟ್ಟು ನಗಬೇಡಿ. ಡಿಸೆಂಬರ್ ಬಂತೆಂದರೆ ಈ ದೇಶದ ಎಷ್ಟೋ ಮನೆಗಳಲ್ಲಿ ಕ್ರಿಸ್‌ಮಸ್ ಮರದ ಬುಡದಲ್ಲಿ ಒಂದು ಪುಟ್ಟ ರೈಲು ಸುತ್ತುತ್ತದೆ. ಮಕ್ಕಳ ಹಟಕ್ಕೆ ಮಣಿದು ನಮ್ಮಲ್ಲೂ ಹಲವರು ತಂದಿಟ್ಟಿದ್ದೇವೆ. ಆ ರೈಲಿನ ಡಬ್ಬಿಯ ಮೇಲೆ ಲಯನೆಲ್ ಎಂಬ ಹೆಸರಿದ್ದರೆ, ಅದರ ಹಿಂದೆ ನೂರಿಪ್ಪತ್ತು ವರ್ಷಕ್ಕೂ ಮಿಕ್ಕಿದ ಒಂದು ಚರಿತ್ರೆ ಇದೆ, ಜೊತೆಗೆ ಒಂದು ದೊಡ್ಡ ಗೋಳೂ ಇದೆ. ನಾನು ಬರೆಯ ಹೊರಟಿರುವುದು ಆ ಗೋಳಿನ ವಿಮರ್ಶೆ.

2001ರಲ್ಲಿ ಲಯನೆಲ್ ಕಂಪನಿ ಮಿಶಿಗನ್‌ನಲ್ಲಿ ರೈಲು ತಯಾರಿಸುವುದನ್ನು ನಿಲ್ಲಿಸಿ ಕೆಲಸವನ್ನು ಕೊರಿಯಾ, ಚೀನಾ ದೇಶಗಳಿಗೆ ಕಳಿಸಿತು. ಆಗ ನಾನು ಮಿಶಿಗನ್‌ಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ನಮ್ಮ ಪಕ್ಕದ ಮನೆಯ ಹಿರಿಯರು ಕಾರು ಕಾರ್ಖಾನೆಯಲ್ಲಿ ಅಚ್ಚು ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಬೇಸ್‌ಮೆಂಟ್ ತುಂಬ ರೈಲು. ಅವರು ಬೇಲಿಯ ಬಳಿ ನಿಂತು, ಮನೆಯವರೇ ಯಾರೋ ತೀರಿಕೊಂಡ ಹಾಗೆ ಮುಖ ಮಾಡಿಕೊಂಡು, "ಡಾಕ್, ಲಯನೆಲ್ ಸತ್ತುಹೋಯಿತು" ಎಂದರು. ಏನು ಹೇಳಬೇಕೆಂದು ತೋಚದೆ ನಾನು "ಛೆ, ಛೆ" ಎಂದು ಒಳಗೆ ಬಂದೆ.

ಆಮೇಲೆ ತಿಳಿದದ್ದೇನೆಂದರೆ, ಹವ್ಯಾಸಿಗಳ ಬಾಯಲ್ಲಿ ಲಯನೆಲ್ ಅದಕ್ಕೆ ಮೊದಲೂ ಹಲವು ಸಲ ಸತ್ತಿತ್ತು. 1959ರಲ್ಲಿ ಒಮ್ಮೆ, 1969ರಲ್ಲಿ ಒಮ್ಮೆ, 1983ರಲ್ಲಿ ಮತ್ತೊಮ್ಮೆ. 2001ರದು ಮುಗಿಯಿತೆನ್ನುವಷ್ಟರಲ್ಲಿ 2004ರಲ್ಲಿ ಪುನಃ. ಇಷ್ಟು ಸಲ ಸತ್ತು ಇಷ್ಟು ಸಲ ಎದ್ದು ಕೂತ ರೋಗಿಯನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ. ಹೀಗಾಗಿ ರೋಗಿಯನ್ನು ಬಿಟ್ಟು, ಮಂಚದ ಸುತ್ತ ನಿಂತು ಅಳುತ್ತಿದ್ದವರನ್ನೇ ಪರೀಕ್ಷಿಸುವುದು ಮೇಲು ಎನ್ನಿಸಿತು.

ಮೊದಲು ರೋಗಿಯ ಪೂರ್ವಕಥೆ. ಜೋಶುವಾ ಲಯನೆಲ್ ಕೋವೆನ್ ಎಂಬಾತ 1900ರಲ್ಲಿ ನ್ಯೂಯಾರ್ಕಿನಲ್ಲಿ ಜೊತೆಗಾರನೊಬ್ಬನೊಡನೆ ಕಂಪನಿ ಆರಂಭಿಸಿದ. ಅಂಗಡಿಯ ಗಾಜಿನ ಕಿಟಕಿಯಲ್ಲಿ ಗಿರಾಕಿಗಳ ಕಣ್ಣು ಸೆಳೆಯಲೆಂದು ವಿದ್ಯುತ್ತಿನಿಂದ ಓಡುವ ಒಂದು ಪುಟ್ಟ ಬಂಡಿ ಮಾಡಿ ಮಾರಿದ. ಬಂದ ಜನ ಅಂಗಡಿಯ ಸಾಮಾನು ಬಿಟ್ಟು ಆ ಬಂಡಿಯನ್ನೇ ಕೇಳತೊಡಗಿದರು. ಹಾಗೆ ಹುಟ್ಟಿದ ಉದ್ಯಮ ಎರಡನೆಯ ಮಹಾಯುದ್ಧದ ನಂತರ, 1950ರ ದಶಕದ ಮೊದಲ ಭಾಗದಲ್ಲಿ, ತುತ್ತತುದಿಗೆ ಏರಿತು. ಇವತ್ತು ಹವ್ಯಾಸಿಗಳು ಕಣ್ಣಿಗೊತ್ತಿಕೊಳ್ಳುವುದು ಆ ಕಾಲದ ಎಂಜಿನ್ನುಗಳನ್ನು. 1945ರಿಂದ 1969ರವರೆಗಿನದು ಅವರ ಪಾಲಿಗೆ ಸುವರ್ಣಯುಗ. ನಂತರದ್ದೆಲ್ಲ ಕಲಿಯುಗ.

ಈ ಸುವರ್ಣಯುಗದ ಮಾತು ಪರೀಕ್ಷೆಗೆ ನಿಲ್ಲುವುದಿಲ್ಲ ಎಂಬುದು ನನ್ನ ಮೊದಲ ಆಕ್ಷೇಪಣೆ. ಕಾಯಿಲೆ ಶುರುವಾದದ್ದು ಹೊರಗಿನವರು ಬಂದ ಮೇಲಲ್ಲ, ಸ್ಥಾಪಕನ ಕಣ್ಣೆದುರಿಗೇ. ದೂರದರ್ಶನ ಬಂತು, ಮಕ್ಕಳ ಮನಸ್ಸು ರಾಕೆಟ್ಟು ಮತ್ತು ರೇಸ್ ಕಾರುಗಳ ಕಡೆ ಹೊರಳಿತು. 1957ರಲ್ಲಿ ಕಂಪನಿ ಹೆಣ್ಣುಮಕ್ಕಳಿಗೆಂದು ಗುಲಾಬಿ ಬಣ್ಣದ ಎಂಜಿನ್ ಮಾಡಿತು. ಹೆಣ್ಣುಮಕ್ಕಳಿಗೆ ಬೇಕಿದ್ದುದು ಅಣ್ಣತಮ್ಮಂದಿರ ಕೈಯಲ್ಲಿದ್ದಂಥ ಕಪ್ಪು ಎಂಜಿನ್ನೇ ಇರಬೇಕು, ಗುಲಾಬಿಯದು ಅಂಗಡಿಯಲ್ಲೇ ಕೂತಿತು. (ಅಂದು ಯಾರೂ ಕೊಳ್ಳದ ಅದಕ್ಕೆ ಇಂದು ಸಂಗ್ರಾಹಕರು ಮುಗಿಬೀಳುತ್ತಾರೆ ಎಂಬುದು ಬೇರೆ ಮಾತು.) 1959ರಲ್ಲಿ ಕೋವೆನ್ ತನ್ನ ಷೇರುಗಳನ್ನು ಮಾರಿಬಿಟ್ಟ. ಕೊಂಡ ಗುಂಪಿನ ಮುಂದಾಳು ರಾಯ್ ಕೋನ್, ಸೆನೆಟರ್ ಮೆಕಾರ್ಥಿಯ ಬಲಗೈಯಾಗಿದ್ದ ವಕೀಲ. ಇವನೇ ಹಾಳು ಮಾಡಿದ ಎಂದು ಹವ್ಯಾಸಿಗಳು ಇಂದಿಗೂ ಶಪಿಸುತ್ತಾರೆ. ಆದರೆ ಕೋನ್ ಕೂಡ ಕೋವೆನ್‌ನ ವಂಶದವನೇ, ಸಂಬಂಧದಲ್ಲಿ ಮೊಮ್ಮಗನಾಗಬೇಕು. ಮಾರಿದವರೂ ಮನೆಯವರು, ಕೊಂಡವನೂ ಮನೆಯವನು!

ಎರಡನೆಯ ಆಕ್ಷೇಪಣೆ ಹೆಸರಿನ ಮೋಹದ್ದು. 1969ರಲ್ಲಿ ಒಂದು ವಿಚಿತ್ರ ನಡೆಯಿತು. ಬೆಳಗಿನ ತಿಂಡಿಯ ಸೀರಿಯಲ್ ಮಾಡುವ ಜನರಲ್ ಮಿಲ್ಸ್ ಕಂಪನಿ ರೈಲಿನ ಅಚ್ಚುಗಳನ್ನು ಪಡೆದು, ಲಯನೆಲ್ ಹೆಸರನ್ನು ಬಳಸುವ ಹಕ್ಕಿಗೆ ಗೌರವಧನ ಕೊಡುವ ಒಪ್ಪಂದ ಮಾಡಿಕೊಂಡಿತು. ಹಳೆಯ ಲಯನೆಲ್ ಕಾರ್ಪೊರೇಷನ್ ಸಾಯಲಿಲ್ಲ. ಅದು ಆಟಿಕೆ ಅಂಗಡಿಗಳ ಸರಣಿಯಾಗಿ ಬದುಕಿ, ಎರಡು ಸಲ ದಿವಾಳಿಯೆದ್ದು, 1993ರಲ್ಲಿ ಬಾಗಿಲು ಹಾಕಿತು. ಈಗ ಹೇಳಿ, 1969ರ ನಂತರ ನಿಜವಾದ ಲಯನೆಲ್ ಯಾವುದು? ಕಾನೂನಿನ ಪ್ರಕಾರ ಕೋವೆನ್ ಕಟ್ಟಿದ ಕಂಪನಿ ಎಂದರೆ ಆ ಅಂಗಡಿಗಳು. ಅವು ಮುಚ್ಚಿದಾಗ ರೈಲಿನ ಹವ್ಯಾಸಿಗಳು ಅತ್ತದ್ದನ್ನು ನಾನು ಕೇಳಿಲ್ಲ. ಅಂದಮೇಲೆ ಅವರು ಪ್ರೀತಿಸಿದ್ದು ಕಂಪನಿಯನ್ನಲ್ಲ, ಆ ಅಚ್ಚುಗಳಿಂದ ಬಂದ ವಸ್ತುವನ್ನು. ಇದನ್ನು ಅವರೇ ಒಪ್ಪಿಕೊಂಡರೆ ಅರ್ಧ ಜಗಳ ಮುಗಿಯುತ್ತದೆ.

ಒಪ್ಪಿಕೊಳ್ಳುವುದು ಸುಲಭವಲ್ಲ. ಪೆನ್ಸಿಲ್ವೇನಿಯಾದ ಯಾರ್ಕ್ ಊರಿನಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ರೈಲು ಸಂಗ್ರಾಹಕರ ದೊಡ್ಡ ಜಾತ್ರೆ ನಡೆಯುತ್ತದೆ. ಒಮ್ಮೆ ನಮ್ಮ ಹಿರಿಯರು ನನ್ನನ್ನೂ ಕರೆದೊಯ್ದಿದ್ದರು. ಉದ್ದುದ್ದ ಮೇಜುಗಳು, ಕಿತ್ತಳೆ ಬಣ್ಣದ ಹಳೆಯ ಡಬ್ಬಿಗಳು, ಡಬ್ಬಿ ಹರಿದಿದ್ದರೆ ಒಂದು ಬೆಲೆ, ಹರಿಯದಿದ್ದರೆ ಇನ್ನೊಂದು. 1970ರ ದಶಕದ ಒಂದು ಗೂಡ್ಸ್ ಬೋಗಿಯನ್ನು ನಾನು ಎತ್ತಿ ನೋಡುತ್ತಿದ್ದೆ. ಪಕ್ಕದಲ್ಲಿದ್ದವರೊಬ್ಬರು, "ಅದು ಸೀರಿಯಲ್ ಕಂಪನಿಯದು, ಕೆಳಗಿಡಿ" ಎಂದರು. ಹಿರಿಯರು ಮಾತಾಡದೆ 1950ರ ದಶಕದ ಒಂದು ಬೋಗಿಯನ್ನೂ ಆ ಬೋಗಿಯನ್ನೂ ಹಳಿಯ ಮೇಲಿಟ್ಟು ಬೆರಳಿನಿಂದ ಮೆಲ್ಲಗೆ ನೂಕಿದರು. ಹಳೆಯದು ಒಂದು ಮೊಳ ಹೋಗಿ ನಿಂತಿತು. ಸೀರಿಯಲ್ ಕಂಪನಿಯದು ಹಳಿಯ ಕೊನೆ ಮುಟ್ಟಿತು. ಜನರಲ್ ಮಿಲ್ಸ್ ಕಾಲದಲ್ಲಿ ಗಾಲಿಯ ಅಂಚಿನ ಇಳಿಜಾರನ್ನು ಬದಲಿಸಿ, ಅಚ್ಚಿನ ತುದಿಯನ್ನು ಸೂಜಿಮೊನೆಯಂತೆ ಮಾಡಿ, ತಿಕ್ಕಾಟ ಕಡಿಮೆ ಮಾಡಿದ್ದರು. ಪ್ಲಾಸ್ಟಿಕ್ ಹೌದು, ಹಗುರ ಹೌದು. ಆದರೆ ಚೆನ್ನಾಗಿ ಓಡುವುದು ರೈಲಿಗೆ ದೋಷವೇ?

ಮೂರನೆಯ ಆಕ್ಷೇಪಣೆ ನಮಗೆ, ನಿಮಗೆ ಹತ್ತಿರದ್ದು. 1983ರ ಹೊತ್ತಿಗೆ ಜನರಲ್ ಮಿಲ್ಸ್ ತಯಾರಿಕೆಯನ್ನು ಮಿಶಿಗನ್‌ನಿಂದ ಮೆಕ್ಸಿಕೋದ ಟಿಹುವಾನಾಕ್ಕೆ ಸಾಗಿಸಿತು. ಸರಕು ತಡವಾಯಿತು, ಗುಣಮಟ್ಟ ಕುಸಿಯಿತು, ಅಂಗಡಿಯವರು ಬಾಯಿ ಬಡಿದುಕೊಂಡರು. 1985ರ ಹೊತ್ತಿಗೆ ಎಲ್ಲವೂ ಮಿಶಿಗನ್‌ಗೆ ವಾಪಸು. ಹವ್ಯಾಸಿಗಳ ನಿದಾನ ಏನು? "ಆ ಕೈಗಳಿಂದ ಆಗುವ ಕೆಲಸವಲ್ಲ." 2001ರಲ್ಲಿ ಕೊರಿಯಾ, ಚೀನಾ ಎಂದಾಗಲೂ ಅದೇ ಮಾತು.

ಈ ಮಾತು ಕೇಳಿದಾಗ ನನಗೆ ನನ್ನ ರೆಸಿಡೆನ್ಸಿಯ ಮೊದಲ ತಿಂಗಳು ನೆನಪಾಯಿತು. ಸ್ಟೆಥಾಸ್ಕೋಪ್ ಎದೆಗೆ ಇಡುವ ಮುಂಚೆಯೇ "ನೀವು ಕಲಿತದ್ದು ಎಲ್ಲಿ?" ಎಂದು ಕೇಳಿದ ರೋಗಿಗಳು ನಮ್ಮ ಪೈಕಿ ಯಾವ ಡಾಕ್ಟರಿಗೆ ಸಿಕ್ಕಿಲ್ಲ? ಎಂಬಿಬಿಎಸ್ ಮುಗಿಸಿ ಬಂದ ನನಗೆ ಇಲ್ಲಿನ ಪದ್ಧತಿ ಗೊತ್ತಿರಲಿಲ್ಲ ಎಂಬುದೂ ನಿಜವೇ. ಆದರೆ ನನ್ನ ಪಕ್ಕದಲ್ಲಿ ಮೂರು ವರ್ಷ ಹಿರಿಯ ವೈದ್ಯರು ನಿಂತಿದ್ದರು. ಕೈ ಎಲ್ಲಿಡಬೇಕು, ಯಾವ ಸದ್ದಿಗೆ ಹೆದರಬೇಕು, ಯಾವುದಕ್ಕೆ ಹೆದರಬಾರದು ಎಂಬುದನ್ನು ಪುಸ್ತಕವಲ್ಲ, ಅವರು ಕಲಿಸಿದರು. ಟಿಹುವಾನಾದ ಕೆಲಸಗಾರರಿಗೆ ಅಂಥ ಹಿರಿಯರು ಸಾಕಷ್ಟು ಸಿಗಲಿಲ್ಲ. ಮಿಶಿಗನ್‌ನ ಅನುಭವಿ ಕೆಲಸಗಾರರಲ್ಲಿ ಬಹುಪಾಲು ಜನ ಗಡಿ ದಾಟಲಿಲ್ಲ. ಅಚ್ಚು, ಯಂತ್ರ, ನಕ್ಷೆ ಲಾರಿ ಏರಿದವು. ವರ್ಷಗಳಿಂದ ಪಳಗಿದ ಕೈಯ ಅಂದಾಜು ಲಾರಿ ಏರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇದು ಮೆಕ್ಸಿಕೋದವರ ಕೈಯ ದೋಷವಲ್ಲ. ಕೈಗೆ ಕಲಿಸದೆ ಕೆಲಸ ಒಪ್ಪಿಸಿದ ತಲೆಯ ದೋಷ.

ಬೇಕಾದರೆ ಕೊರಿಯಾವನ್ನೇ ನೋಡಿ. ಇದೇ ಸಂಗ್ರಾಹಕರು ಸಾವಿರಾರು ಡಾಲರು ಸುರಿದು ಗಾಜಿನ ಬೀರುವಿನಲ್ಲಿಟ್ಟು ಮೆರೆಯುವ ಹಿತ್ತಾಳೆಯ ಎಂಜಿನ್ ಮಾದರಿಗಳಲ್ಲಿ ಎಷ್ಟೋ ಕೊರಿಯಾದ ಕುಶಲಿಗಳು ಕೈಯಿಂದ ಬೆಸುಗೆ ಹಾಕಿದವು. ಬೀರುವಿನಲ್ಲಿದ್ದಾಗ ಅದ್ಭುತ ಕಲೆ, ಕಿತ್ತಳೆ ಡಬ್ಬಿಯಲ್ಲಿ ಬಂದಾಗ ದ್ರೋಹ ಎನ್ನುವುದು ಯಾವ ನ್ಯಾಯ?

ಹಾಗಾದರೆ ಹವ್ಯಾಸಿಗಳ ದುಃಖವೆಲ್ಲ ಸುಳ್ಳೇ? ಇಲ್ಲ. ನೋವು ನಿಜ, ನೋವಿನ ಜಾಗ ತೋರಿಸುವುದರಲ್ಲಿ ತಪ್ಪಿದ್ದಾರೆ. ಹೃದಯದ ತೊಂದರೆಗೆ ಎಡಭುಜ ಉಜ್ಜಿಕೊಳ್ಳುವ ರೋಗಿಯ ಹಾಗೆ. ಅವರು ಪ್ರತಿ ಸಲವೂ ಕೇಳುವ ಪ್ರಶ್ನೆ "ಹೊಸ ಯಜಮಾನ ಯಾರು, ನಮ್ಮವನೋ ಹೊರಗಿನವನೋ?" ಎಂಬುದು. ಈ ಪ್ರಶ್ನೆಗೆ ಬಂದ ಉತ್ತರ ಅವರಿಗೆ ಎಷ್ಟು ಕೈಕೊಟ್ಟಿದೆ ನೋಡಿ. 1986ರಲ್ಲಿ ಡೆಟ್ರಾಯಿಟ್‌ನ ಉದ್ಯಮಿ ರಿಚರ್ಡ್ ಕುನ್ ಕಂಪನಿಯನ್ನು ಕೊಂಡರು. ಅವರೇ ಸ್ವತಃ ರೈಲು ಸಂಗ್ರಾಹಕರು. ಸಂಭ್ರಮವೋ ಸಂಭ್ರಮ. 1995ರಲ್ಲಿ ಅವರು ಮಾರಿದಾಗ ಕೊಂಡವರಲ್ಲಿ ಹಾಡುಗಾರ ನೀಲ್ ಯಂಗ್ ಒಬ್ಬರು. ಅವರೂ ಕಡು ಹವ್ಯಾಸಿ. ಸೆರೆಬ್ರಲ್ ಪಾಲ್ಸಿ ಇರುವ ಮಗ ತಾನೇ ರೈಲು ಓಡಿಸಲು ಆಗಬೇಕೆಂದು ದೊಡ್ಡ ಗುಂಡಿಯ ನಿಯಂತ್ರಣ ಸಾಧನದಿಂದ ಆರಂಭಿಸಿ, ತಂತಿಯಿಲ್ಲದೆ ದೂರದಿಂದ ರೈಲು ಓಡಿಸುವ ವ್ಯವಸ್ಥೆ ಕಂಪನಿಗೆ ಬರಲು ಕಾರಣರಾದವರು. ವೈದ್ಯನಾಗಿ ಈ ಕೆಲಸಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಲೆಕ್ಕ ಲೆಕ್ಕವೇ. ಯಾರನ್ನು "ಸೀರಿಯಲ್ ಕಂಪನಿ" ಎಂದು ಜರಿದರೋ ಆ ಯಜಮಾನರ ಕಾಲದಲ್ಲೇ ಕೆಲಸವನ್ನು ಮಿಶಿಗನ್‌ಗೆ ವಾಪಸು ತರುವ ತೀರ್ಮಾನವಾಯಿತು. "ನಮ್ಮವನೇ" ಎಂದು ಹೊತ್ತು ಮೆರೆದವರಿಗೆ ಪಾಲಿದ್ದ ಕಾಲದಲ್ಲಿ ಮಿಶಿಗನ್‌ನ ತಯಾರಿಕೆ ನಿಂತಿತು. ಯಜಮಾನ ಮುಖ್ಯನಲ್ಲ ಎಂದು ನಾನು ಹೇಳುತ್ತಿಲ್ಲ. ಅವನು ಒಳ್ಳೆಯವನೋ ಕೆಟ್ಟವನೋ ಎಂಬುದು ಅವನ ಹವ್ಯಾಸದಿಂದ ತಿಳಿಯುವುದಿಲ್ಲ.

ಕೈಯ ಅರಿವಿಗೆ ಎಷ್ಟು ಬೆಲೆ ಎಂಬುದನ್ನು ನ್ಯಾಯಾಲಯವೇ ಒಮ್ಮೆ ಅಳೆಯಿತು. ಎಂಟಿಎಚ್ ಎಂಬ ಪ್ರತಿಸ್ಪರ್ಧಿ ಕಂಪನಿ, ಕೊರಿಯಾದಲ್ಲಿ ತನಗಾಗಿ ಮಾಡಿಸಿದ್ದ ನಕ್ಷೆಗಳು ಲಯನೆಲ್‌ನ ಗುತ್ತಿಗೆದಾರರ ಕೈಸೇರಿದವು ಎಂದು ದಾವೆ ಹೂಡಿತು. 2004ರಲ್ಲಿ ಡೆಟ್ರಾಯಿಟ್‌ನ ಜ್ಯೂರಿ ನಾಲ್ಕು ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರ ಕೊಡಿಸಿತು. ಅದೇ ವರ್ಷ ಲಯನೆಲ್ ದಿವಾಳಿ ರಕ್ಷಣೆ ಕೋರಿತು. 2006ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿತು, 2008ರಲ್ಲಿ ಲಯನೆಲ್ ದಿವಾಳಿಯಿಂದ ಹೊರಬಂತು. 2021ರಲ್ಲಿ ಎಂಟಿಎಚ್ ತನ್ನ ವ್ಯವಹಾರ ಕುಗ್ಗಿಸಿದಾಗ ಅದರ ಕೆಲವು ಅಚ್ಚುಗಳನ್ನು ಕೊಂಡದ್ದು ಯಾರು? ಅದೇ ಲಯನೆಲ್. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಇಪ್ಪತ್ತು ವರ್ಷ ಎರಡು ಪಂಗಡವಾಗಿ ಕಚ್ಚಾಡಿದ ಹವ್ಯಾಸಿಗಳು ಈಗ ಒಂದೇ ಡಬ್ಬಿಯಿಂದ ಇಬ್ಬರ ಬೋಗಿಗಳನ್ನೂ ತೆಗೆಯುತ್ತಿದ್ದಾರೆ.

ಹೊಸ ಯಜಮಾನ ಬಂದಾಗ ಕೇಳಬೇಕಾದ ಪ್ರಶ್ನೆಗಳು ನನ್ನ ಅಭಿಪ್ರಾಯದಲ್ಲಿ ಮೂರು. ಅಚ್ಚುಗಳು ಎಲ್ಲಿವೆ? ಹಳೆಯ ಕೈಗಳಿಂದ ಹೊಸ ಕೈಗಳಿಗೆ ಕಲಿಸುತ್ತಿರುವವರು ಯಾರು? ಹಳೆಯ ಎಂಜಿನ್ನಿಗೆ ಬಿಡಿಭಾಗ ಸಿಗುತ್ತದೆಯೇ? ಮೂರಕ್ಕೂ ನೆಟ್ಟಗೆ ಉತ್ತರ ಸಿಕ್ಕರೆ ಯಜಮಾನ ಸೀರಿಯಲ್ ಮಾರಲಿ, ಹಾಡು ಹಾಡಲಿ, ಚಿಂತೆಯಿಲ್ಲ. ಸಿಗದಿದ್ದರೆ ಕೋವೆನ್‌ನೇ ಎದ್ದು ಬಂದರೂ ಪ್ರಯೋಜನವಿಲ್ಲ.

ಮೂರನೆಯ ಪ್ರಶ್ನೆಗೆ ಒಂದು ಉತ್ತರವನ್ನು ನಾನು ಕಣ್ಣಾರೆ ಕಂಡಿದ್ದೇನೆ. "ಲಯನೆಲ್ ಸತ್ತಿತು" ಎಂದ ನಮ್ಮ ಹಿರಿಯರೇ, ಅದಾದ ಕೆಲವು ವರ್ಷಕ್ಕೆ, ನನ್ನ ಮಗನನ್ನು ಬೇಸ್‌ಮೆಂಟಿಗೆ ಕರೆದು 1950ರ ಒಂದು ಎಂಜಿನ್ನಿನ ಮೋಟಾರು ಬಿಚ್ಚಿಸಿದರು. ಸವೆದ ಕಾರ್ಬನ್ ಬ್ರಷ್ ತೆಗೆಸಿ ಹೊಸದು ಹಾಕಿಸಿದರು, ಒಂದೇ ಒಂದು ಹನಿ ಎಣ್ಣೆ ಬಿಡಿಸಿದರು. ಹುಡುಗ ಎರಡು ಹನಿ ಬಿಟ್ಟದ್ದಕ್ಕೆ ಪೂರ್ತಿ ಒರೆಸಿಸಿ ಮತ್ತೆ ಮಾಡಿಸಿದರು. ಆ ಹೊತ್ತಿಗೆ ಆ ಎಂಜಿನ್ನಿನ ಕಂಪನಿ ನಾಲ್ಕಾರು ಕೈ ಬದಲಾಗಿತ್ತು. ಎಂಜಿನ್ ಓಡಿತು. ನಮ್ಮ ಹಿರಿಯರಿಗೆ ಅದರ ಯಜಮಾನ ಯಾರೆಂಬುದು ಆ ಸಂಜೆ ನೆನಪಿಗೆ ಬಂದ ಹಾಗೆ ಕಾಣಲಿಲ್ಲ.

ಕೊನೆಗೆ, ಡಾಕ್ಟರ ಚಟ ಬಿಡುವುದಿಲ್ಲ, ಒಂದು ಸಲಹೆ. ಗರಾಜ್ ಸೇಲಿನಲ್ಲಿ ಹಳೆಯ ಲಯನೆಲ್ ಸಿಕ್ಕರೆ ಖಂಡಿತ ಕೊಳ್ಳಿ, ಕಿತ್ತಳೆ ಡಬ್ಬಿಯನ್ನು ಮಾತ್ರ ಎಸೆಯಬೇಡಿ. ಆದರೆ ಟ್ರಾನ್ಸ್‌ಫಾರ್ಮರಿನ ವೈರನ್ನು ಮೊದಲು ಬಗ್ಗಿಸಿ ನೋಡಿ. ರಬ್ಬರು ಬಿರುಕು ಬಿಟ್ಟಿದ್ದರೆ ಹೊಸ ವೈರು ಹಾಕಿಸದೆ ಪ್ಲಗ್ಗಿಗೆ ಚುಚ್ಚಬೇಡಿ. ರೈಲು ಹಲವು ಸಲ ಸತ್ತು ಬದುಕಬಲ್ಲದು, ನಮಗೆ ಆ ಸೌಲಭ್ಯ ಇಲ್ಲ.