ರಿಚರ್ಡ್ ಹೂಕರ್: ಚರಿತ್ರೆ ಮತ್ತು ಐತಿಹ್ಯ

ಆಂಗ್ಲಿಕನ್ ಧರ್ಮಚಿಂತನೆಗೆ ತಾತ್ವಿಕ ತಳಹದಿ ಹಾಕಿದವರಲ್ಲಿ ರಿಚರ್ಡ್ ಹೂಕರ್ (1554–1600) ಪ್ರಮುಖನು. ಎಕ್ಸಿಟರ್ ಸಮೀಪದ ಹೆವಿಟ್ರೀಯಲ್ಲಿ ಜನಿಸಿ, ಆಕ್ಸ್‌ಫರ್ಡಿನ ಕಾರ್ಪಸ್ ಕ್ರಿಸ್ಟಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿದ ಆತ 1585ರಲ್ಲಿ ಲಂಡನ್ನಿನ ಟೆಂಪಲ್ ಚರ್ಚಿನ ಮುಖ್ಯಸ್ಥನಾದನು. ಬೆಳಿಗ್ಗೆ ಹೂಕರನೂ ಮಧ್ಯಾಹ್ನ ಪ್ಯೂರಿಟನ್ ಪಂಥದ ವಾಲ್ಟರ್ ಟ್ರಾವರ್ಸನೂ ಒಂದೇ ಪೀಠದಿಂದ ಪರಸ್ಪರ ವಿರುದ್ಧವಾಗಿ ಬೋಧಿಸುತ್ತಿದ್ದರು. ಎಂಟು ಭಾಗಗಳ 'ಚರ್ಚಿನ ಆಡಳಿತ ವ್ಯವಸ್ಥೆಯ ನಿಯಮಗಳು' ಎಂಬ ಮಹಾಗ್ರಂಥದ ಹಿನ್ನೆಲೆಯಲ್ಲಿ ಈ ವಾಗ್ವಾದವಿದೆ. ಮೊದಲ ನಾಲ್ಕು ಭಾಗಗಳು 1593ರಲ್ಲಿ, ಐದನೆಯದು 1597ರಲ್ಲಿ ಪ್ರಕಟವಾದವು.

ಧರ್ಮಗ್ರಂಥದಲ್ಲಿ ವಿಧಿಸದ ಆಚರಣೆಗಳೆಲ್ಲ ತ್ಯಾಜ್ಯವೆಂಬುದು ಪ್ಯೂರಿಟನರ ವಾದ. ವಿವಾಹದ ಉಂಗುರ, ದೀಕ್ಷಾಸ್ನಾನದಲ್ಲಿ ಹಣೆಯ ಮೇಲೆ ಎಳೆಯುವ ಶಿಲುಬೆಯ ಗುರುತು, ಹಬ್ಬದ ದಿನಗಳು ಇವನ್ನು ಹೂಕರನು ಐದನೆಯ ಭಾಗದಲ್ಲಿ ಒಂದೊಂದಾಗಿ ಎತ್ತಿಕೊಂಡು ಸಮರ್ಥಿಸುತ್ತಾನೆ. ಆಚರಣೆಯ ಅರ್ಥವನ್ನು ಇಷ್ಟು ತಾಳ್ಮೆಯಿಂದ ವಿವೇಚಿಸಿದ ಪಂಡಿತರು ಆ ಕಾಲದಲ್ಲಿ ವಿರಳ. ಆದರೆ ರೂಢಿಗೆ ಆತ ನೀಡುವ ಮನ್ನಣೆ ಚರ್ಚಿನ ಅಧಿಕಾರದ ಮುದ್ರೆ ಬಿದ್ದ ರೂಢಿಗೆ ಮಾತ್ರ; ಸಾಮಾನ್ಯ ಭಕ್ತನು ಅದನ್ನು ನಿರಾಕರಿಸುವ ಹಕ್ಕಿಗೆ ಅಲ್ಲಿ ಎಡೆಯಿಲ್ಲ. ಧರ್ಮಗ್ರಂಥ, ಪರಂಪರೆ, ವಿವೇಕಗಳೆಂಬ 'ಮೂರು ಕಾಲಿನ ಪೀಠ'ದ ರೂಪಕವನ್ನು ಇಂದಿಗೂ ಹೂಕರನಿಗೆ ಆರೋಪಿಸಲಾಗುತ್ತದೆ. ಆತನ ಗ್ರಂಥದಲ್ಲಿ ಆ ರೂಪಕವೇ ಇಲ್ಲ!

ಆತನ ಬದುಕಿನ ಸುತ್ತ ಹುಟ್ಟಿದ ಐತಿಹ್ಯ ಇನ್ನೂ ಕುತೂಹಲಕರವಾದುದು. 1665ರಲ್ಲಿ ಐಸಾಕ್ ವಾಲ್ಟನ್ ಬರೆದ ಜೀವನಚರಿತ್ರೆಯ ಪ್ರಕಾರ, ಹೆಂಡತಿಯನ್ನು ಆರಿಸುವ ಹೊಣೆಯನ್ನು ಹೂಕರನು ಮುಗ್ಧತೆಯಿಂದ ಶ್ರೀಮತಿ ಚರ್ಚ್‌ಮನ್ನಳಿಗೆ ಒಪ್ಪಿಸಿದನು. ಆಕೆ ತನ್ನ ಮಗಳು ಜೋನಳನ್ನೇ ಕೊಟ್ಟಳು. ಡ್ರೇಟನ್ ಬೋಷಾಮ್ ಗ್ರಾಮದಲ್ಲಿ ಅವನನ್ನು ನೋಡಲು ಬಂದ ಹಳೆಯ ಶಿಷ್ಯರಿಗೆ, ಕುರಿ ಕಾಯುತ್ತ ಹೊರೇಸನ ಕಾವ್ಯವನ್ನು ಓದುತ್ತಿದ್ದ ಗುರು ಕಂಡನು. ಸ್ವಲ್ಪ ಹೊತ್ತಿಗೇ ಜೋನ್ ಅವನನ್ನು ತೊಟ್ಟಿಲು ತೂಗಲು ಕರೆದಳು. ಸಾಕ್ರೆಟಿಸ್–ಕ್ಸಾಂಥಿಪ್ಪೆಯರ ಕಥೆಗಳಲ್ಲಿರುವ 'ಜ್ಞಾನಿ ಪತಿ, ಗಯ್ಯಾಳಿ ಪತ್ನಿ' ಎಂಬ ಆಶಯದ ಮತ್ತೊಂದು ಪಾಠಾಂತರವಿದು. ಹೂಕರನು ಆ ಗ್ರಾಮದ ಹುದ್ದೆಗೆ ನೇಮಕಗೊಂಡದ್ದು 1584ರಲ್ಲಿ, ಮರುವರ್ಷವೇ ಟೆಂಪಲಿಗೆ ಬಂದನು, ವಿವಾಹವಾದದ್ದು 1588ರಲ್ಲಿ. ಅಲ್ಲಿ ತೂಗಲು ತೊಟ್ಟಿಲಾದರೂ ಎಲ್ಲಿತ್ತು?

ಈ ಕಥನಕ್ಕೆ ಪ್ರಯೋಜನವೂ ಇತ್ತು. ಆರು ಮತ್ತು ಎಂಟನೆಯ ಭಾಗಗಳು 1648ರಲ್ಲಿ, ಏಳನೆಯದು 1662ರಲ್ಲಿ, ಅಂದರೆ ಲೇಖಕನ ಮರಣಾನಂತರ ಬೆಳಕು ಕಂಡವು. ಅರಸನ ಅಧಿಕಾರವೂ ಕಾನೂನಿಗೆ ಒಳಪಟ್ಟದ್ದೆಂಬ ಅಲ್ಲಿನ ವಿಚಾರ ಮರುಸ್ಥಾಪಿತ ರಾಜಸತ್ತೆಯ ಬೆಂಬಲಿಗರಿಗೆ ಇರುಸುಮುರುಸು ತಂದಿತ್ತು. ಆರ್ಚ್‌ಬಿಷಪ್ ಶೆಲ್ಡನ್ನನ ಪ್ರೇರಣೆಯಿಂದ ಬರೆದ ವಾಲ್ಟನ್, ಹಸ್ತಪ್ರತಿಗಳು ಹಾಳಾಗಲು ಜೋನ್ ಆಸ್ಪದವಿತ್ತಳೆಂದು ಹೇಳಿ ಆ ಭಾಗಗಳ ಅಧಿಕೃತತೆಯನ್ನೇ ಸಂಶಯಕ್ಕೆ ಒಡ್ಡಿದನು. ಒಂದು ರಾಜಕೀಯ ಅಗತ್ಯಕ್ಕಾಗಿ ಹೆಣ್ಣೊಬ್ಬಳು ಸುಮಾರು ಮೂರು ಶತಮಾನ ಅಪವಾದ ಹೊತ್ತಳು.

1940ರಲ್ಲಿ ಸಿ.ಜೆ. ಸಿಸನ್ ಚಾನ್ಸರಿ ನ್ಯಾಯಾಲಯದ ದಾಖಲೆಗಳನ್ನು ಶೋಧಿಸಿ ಈ ಐತಿಹ್ಯವನ್ನು ಒಡೆದನು. ಜೋನಳ ತಂದೆ ಜಾನ್ ಚರ್ಚ್‌ಮನ್ ಲಂಡನ್ನಿನ ಪ್ರತಿಷ್ಠಿತ ವರ್ತಕ. ಹೂಕರನು ಗ್ರಂಥರಚನೆಯಲ್ಲಿ ತೊಡಗಿದ್ದ ವರ್ಷಗಳಲ್ಲಿ ಅವನಿಗೆ ಆಶ್ರಯವಿತ್ತದ್ದು ವಾಟ್ಲಿಂಗ್ ಬೀದಿಯಲ್ಲಿದ್ದ ಆತನ ಮನೆಯೇ.