ಮುಕ್ತ ತಂತ್ರಾಂಶ ನೀತಿಯಲ್ಲಿ ಉತ್ಸರ್ಗಾಪವಾದ ವಿಚಾರ

ಭಾರತ ಸರ್ಕಾರವು ೨೦೧೦ನೆಯ ಇಸವಿಯಲ್ಲಿ ಇ-ಆಡಳಿತಕ್ಕಾಗಿ ಮುಕ್ತ ಮಾನಕಗಳ ನೀತಿಯನ್ನೂ, ೨೦೧೫ನೆಯ ಇಸವಿಯಲ್ಲಿ ಮುಕ್ತ ತಂತ್ರಾಂಶಗಳ ಅಂಗೀಕಾರ ನೀತಿಯನ್ನೂ ಪ್ರಕಟಿಸಿತು. ಇವೆರಡೂ ಒಂದೇ ಎಂಬ ಭಾವನೆಯು ಹಲವರಲ್ಲಿ ಕಂಡುಬರುತ್ತದೆ. ಅದು ಯುಕ್ತವಲ್ಲ. ಮೊದಲನೆಯದು ಬರೆಹವನ್ನು ಯಾವ ಕ್ರಮದಲ್ಲಿ ಇಡತಕ್ಕದ್ದೆಂಬುದನ್ನು ವಿಧಿಸುತ್ತದೆ. ಎರಡನೆಯದು ಯಾವ ಸಾಧನದಿಂದ ಬರೆಯತಕ್ಕದ್ದೆಂಬುದನ್ನು. ಲಿಪಿಗೂ ಲೇಖನಿಗೂ ಇರುವ ಭೇದವೇ ಇಲ್ಲಿಯೂ ಇದೆ.

ಲಿಪಿಯ ಪ್ರಾಧಾನ್ಯಕ್ಕೆ ಕನ್ನಡವೇ ದೃಷ್ಟಾಂತವು. ೧೯೯೧ರಲ್ಲಿಯೇ ಇಸ್ಕಿ ಎಂಬ ಭಾರತೀಯ ಮಾನಕವೂ, ಕನ್ನಡಕ್ಕೆ ೧೨೮ ಸ್ಥಾನಗಳನ್ನು ಕೊಟ್ಟ ಯೂನಿಕೋಡ್ ಮಾನಕವೂ ಸಿದ್ಧವಾಗಿದ್ದವು. ಆದರೂ ಬಹುಕಾಲ ನಮ್ಮ ಮುದ್ರಣಾಲಯಗಳಲ್ಲಿಯೂ ಕಛೇರಿಗಳಲ್ಲಿಯೂ ಅಕ್ಷರಕ್ಕಲ್ಲ, ತಲಕಟ್ಟು ಒತ್ತು ಮೊದಲಾದ ಆಕಾರಖಂಡಗಳಿಗೆ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಸಂಖ್ಯೆಗಳನ್ನು ಕೊಡುತ್ತ ಬಂದರು. ಒಂದು ಫಾಂಟಿನಲ್ಲಿ ಬರೆದುದು ಮತ್ತೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಯಿತು. ಓಲೆಯ ಗ್ರಂಥಕ್ಕೆ ಹುಳು ಹಿಡಿದರೆ ಗರಿಯು ನಷ್ಟವಾಗುತ್ತದೆ; ಇಲ್ಲಿ ಗರಿಯು ಅಕ್ಷತವಾಗಿದ್ದು ಓದುವ ಉಪಾಯವು ಮಾತ್ರ ನಷ್ಟವಾಯಿತು. ಮಾನಕದ ವಿವರಣೆಯು ಸರ್ವರಿಗೂ ಲಭ್ಯವಾಗಿರಬೇಕು, ಅದರ ಬಳಕೆಗೆ ಗೌರವಧನವನ್ನು ಕೇಳಕೂಡದು ಎಂಬ ೨೦೧೦ರ ನಿಯಮಗಳು ಈ ದೋಷಕ್ಕೆ ನೇರವಾದ ಪರಿಹಾರವು.

೨೦೧೫ರ ನೀತಿಯ ಉತ್ಸರ್ಗವು ಸ್ಪಷ್ಟವಾಗಿದೆ: ಮೂಲಸಂಕೇತವನ್ನು ಅಭ್ಯಸಿಸಲು, ತಿದ್ದಲು, ಹಂಚಲು ಸ್ವಾತಂತ್ರ್ಯವಿರುವ ತಂತ್ರಾಂಶಕ್ಕೇ ಪ್ರಾಶಸ್ತ್ಯವು, ಅದನ್ನು ಬಿಡುವ ಸರಬರಾಜುದಾರನು ಕಾರಣವನ್ನು ಹೇಳಬೇಕು. ವಿಶಿಷ್ಟ ಕ್ಷೇತ್ರಗಳಲ್ಲಿ ಯೋಗ್ಯವಾದುದು ದೊರೆಯದಿದ್ದಾಗ, ತುರ್ತು ಅಥವಾ ವ್ಯೂಹಾತ್ಮಕ ಅಗತ್ಯವಿದ್ದಾಗ, ನುರಿತವರಿಲ್ಲದಿದ್ದಾಗ — ಹೀಗೆ ಅಪವಾದಗಳನ್ನೂ ಹೇಳಿದೆ. ಮೊದಲಿನವುಗಳಿಗೆ ಆಕ್ಷೇಪವಿಲ್ಲ. ಕಡೆಯದು ಮಾತ್ರ ಅನ್ಯೋನ್ಯಾಶ್ರಯ ದೋಷದಿಂದ ಕೂಡಿದೆ. ಬಳಕೆಯಿಲ್ಲದೆ ನೈಪುಣ್ಯವು ಬಾರದು. ನೈಪುಣ್ಯವಿಲ್ಲವೆಂದು ಬಳಕೆಯನ್ನು ಬಿಡಬಹುದೆಂದರೆ ಎರಡೂ ಎಂದಿಗೂ ಸಿದ್ಧಿಸಲಾರವು. ಅಪವಾದದ ಕ್ಷೇತ್ರವು ಉತ್ಸರ್ಗದ ಕ್ಷೇತ್ರಕ್ಕಿಂತ ಕಿರಿದಾಗಿರಬೇಕೆಂಬುದು ಶಾಸ್ತ್ರಮರ್ಯಾದೆ. ಇಲ್ಲಿಯಾದರೋ ಹೊಸ ವಿದ್ಯೆಯಲ್ಲಿ ಪಳಗದ ಕಛೇರಿಗಳೆಲ್ಲವೂ ಅಪವಾದದೊಳಗೇ ಸೇರಿಬಿಡುತ್ತವೆ. ಸಾಕಷ್ಟು ಸಮರ್ಥನೆ ಇರಬೇಕೆಂದು ನೀತಿಯು ಹೇಳುವುದು ನಿಜ; ಯಾವುದು ಸಾಕಷ್ಟು ಎಂಬುದಕ್ಕೆ ಲಕ್ಷಣವನ್ನು ಹೇಳಿಲ್ಲ.

ನುರಿತವರಿಲ್ಲದೆ ಕಛೇರಿಯ ಕೆಲಸವನ್ನು ನಿಲ್ಲಿಸಬೇಕೇ ಎಂದು ಆಕ್ಷೇಪಿಸಬಹುದು. ನಿಲ್ಲಿಸಬೇಕಾಗಿಲ್ಲ. ಕೇರಳದಲ್ಲಿ ೨೦೦೧ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು ಉಪಾಧ್ಯಾಯರಿಗೆ ಶಿಕ್ಷಣವನ್ನು ಕೊಟ್ಟು, ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ರೂಢಿಗೆ ತಂದಿತು. ಅಲ್ಲಿ ನೈಪುಣ್ಯದ ಅಭಾವವನ್ನು ವಿನಾಯಿತಿಗೆ ಕಾರಣವೆಂದು ಎಣಿಸದೆ, ಮೊದಲು ಮಾಡತಕ್ಕ ಕಾರ್ಯವೆಂದು ಎಣಿಸಿದರು.

ಆದುದರಿಂದ ಈ ಅಪವಾದಕ್ಕೆ ಕಾಲದ ಮಿತಿಯನ್ನು ಹಾಕಿ, ಅದನ್ನು ಆಶ್ರಯಿಸುವ ಕಛೇರಿಯು ಆ ಅವಧಿಯೊಳಗೆ ತನ್ನವರಿಗೆ ಶಿಕ್ಷಣವನ್ನು ಕೊಡಿಸತಕ್ಕದ್ದೆಂದೂ, ಕೊಟ್ಟ ಕಾರಣವನ್ನು ಬಹಿರಂಗಪಡಿಸತಕ್ಕದ್ದೆಂದೂ ವಿಧಿಸುವುದು ಅವಶ್ಯಕವು. ಲೇಖನಿಯ ವಿಷಯದಲ್ಲಿ ಇಷ್ಟು ಕಾಲಾವಕಾಶವನ್ನು ಕೊಡಬಹುದು. ಲಿಪಿಯ ವಿಷಯದಲ್ಲಿ ಅದೂ ಸಲ್ಲದು. ಒಮ್ಮೆ ತಪ್ಪು ಕ್ರಮದಲ್ಲಿ ಇಟ್ಟ ದಾಖಲೆಗಳನ್ನು ಪುನಃ ಓದುವಂತೆ ಮಾಡುವುದು ಎಷ್ಟು ಕಷ್ಟವೆಂಬುದನ್ನು ಕನ್ನಡಿಗರು ಅನುಭವದಿಂದಲೇ ಬಲ್ಲರು.