'ಮೇಜರ್' ಚಿತ್ರದಲ್ಲಿ ತಾಯಿಯ ಪಾಲು

2022ರಲ್ಲಿ ತೆರೆಕಂಡ 'ಮೇಜರ್' ಚಿತ್ರವನ್ನು ನಾನು ನೋಡಿದ್ದು ತೀರ ತಡವಾಗಿ, ವಡ್ಡುವಿನ ನಮ್ಮ ಮನೆಯ ಟಿ.ವಿ.ಯಲ್ಲಿ, ಪಕ್ಕದ ಮನೆಯಾಕೆಯ ಜೊತೆ. ಆಕೆಯ ಮಗ ನನ್ನ ಹಳೆಯ ವಿದ್ಯಾರ್ಥಿ. ಸೈನ್ಯಕ್ಕೆ ಸೇರಬೇಕೆಂದು ನಸುಕಿನಲ್ಲೆದ್ದು ತೋರಣಗಲ್ಲಿನ ರಸ್ತೆಯಲ್ಲಿ, ಅದಿರು ಲಾರಿಗಳ ಧೂಳಿನಲ್ಲೇ ಓಡುತ್ತಾನೆ. ಚಿತ್ರ ಮುಗಿದಾಗ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಲ್ರೀ ಟೀಚರ್, ಆ ತಾಯಿ ಆಮ್ಯಾಲೆ ಏನ್ ಮಾಡಿದ್ಳು?" ಎಂದು ಕೇಳಿದಳು. ಚಿತ್ರದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಬರೆಯಲಾರೆ.

ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನಲ್ಲಿ ಬೆಳೆದ ಹುಡುಗ. ತಂದೆ ಇಸ್ರೋದಲ್ಲಿದ್ದವರು. 1999ರಲ್ಲಿ ಬಿಹಾರ್ ರೆಜಿಮೆಂಟಿನ ಅಧಿಕಾರಿಯಾದ ಸಂದೀಪ್, ಮುಂದೆ ರಾಷ್ಟ್ರೀಯ ಭದ್ರತಾ ದಳದ ಕಮಾಂಡೋ ಆದರು. 2008ರ ನವೆಂಬರ್ 28ರಂದು ಮುಂಬಯಿಯ ತಾಜ್ ಹೋಟೆಲಿನಲ್ಲಿ ಗಾಯಗೊಂಡ ಸಹಚರನನ್ನು ಹೊರಗೆ ಕಳಿಸಿ, ಉಗ್ರರ ಬೆನ್ನು ಹತ್ತಿ ಹೋಗಿ ಮಡಿದಾಗ ಅವರಿಗೆ 31 ವರ್ಷ.

ಅಡಿವಿ ಶೇಷ್ ಸಂದೀಪನಾಗಿ ಚೆನ್ನಾಗಿಯೇ ಹೊಂದಿಕೊಂಡಿದ್ದಾರೆ. ಆದರೆ ತಂದೆತಾಯಿಯಾಗಿ ಪ್ರಕಾಶ್ ರಾಜ್ ಮತ್ತು ರೇವತಿ ಬಂದಾಗಲೆಲ್ಲ ಚಿತ್ರ ನಮ್ಮ ಮನೆಯೊಳಗೇ ಬಂದಂತಾಗುತ್ತದೆ. ಅವರು ಸರಿದ ಕೂಡಲೇ ಮತ್ತೆ ಹಾಡು, ನಿಧಾನಗತಿಯ ನಡಿಗೆ, ಗುಂಡಿನ ಸದ್ದು. ಸಂದೀಪನ ದಾಂಪತ್ಯದ ಬಿರುಕನ್ನೂ ಮುಟ್ಟುತ್ತಾರೆ, ಸರಿ. ಆದರೆ ಗಂಡ ಸದಾ ದೂರವಿರುವ ಹೆಣ್ಣಿನ ದಿನಚರಿ ಹೇಗಿರುತ್ತದೆಂದು ನಿರ್ದೇಶಕ ಶಶಿಕಿರಣ್ ತಿಕ್ಕ ನಿಂತು ನೋಡುವುದಿಲ್ಲ. ಆಕೆಯ ದೂರು ನಾಯಕನ ದೊಡ್ಡತನವನ್ನು ಎತ್ತಿ ತೋರಿಸಲಷ್ಟೇ ಬಂದಂತಿದೆ.

ನನ್ನ ದೊಡ್ಡ ತಕರಾರು ಬೇರೆಯೇ ಇದೆ. ಆ ರಾತ್ರಿ ದಾಳಿ ಶುರುವಾದದ್ದು ಒಂಬತ್ತೂವರೆಯ ಸುಮಾರಿಗೆ. ಕಮಾಂಡೋಗಳು ಇದ್ದದ್ದು ದೆಹಲಿ ಬಳಿಯ ಮಾನೇಸರದಲ್ಲಿ, ಅವರನ್ನು ಹೊರುವ ವಿಮಾನ ಚಂಡೀಗಢದಲ್ಲಿ. ಮುಂಬಯಿ ಮುಟ್ಟುವಷ್ಟರಲ್ಲಿ ಬೆಳಕು ಹರಿದಿತ್ತು. ಆಮೇಲೆ, 2009ರಲ್ಲಿ, ಮುಂಬಯಿ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿ ದಳದ ನೆಲೆಗಳಾದವು. ವೀರನ ಮೇಲೆ ಇಷ್ಟು ಬೆಳಕು ಚೆಲ್ಲಿದ ಚಿತ್ರ ಈ ತಡದ ಮೇಲೂ ಅಷ್ಟೇ ಹೊತ್ತು ನಿಲ್ಲಬೇಕಿತ್ತು.

ಸಂದೀಪ್ ಅಧಿಕಾರಿಯಾದ ವರ್ಷದ ಡಿಸೆಂಬರಿನಲ್ಲೇ ಕಠ್ಮಂಡುವಿನಿಂದ ಹೊರಟ ಐಸಿ 814 ವಿಮಾನದ ಅಪಹರಣವಾಯಿತು. ಅಮೃತಸರದಲ್ಲಿ ಅದು ಮುಕ್ಕಾಲು ಗಂಟೆ ನಿಂತಿತ್ತು. ಕಮಾಂಡೋಗಳು ಆಗಲೂ ಹೊತ್ತಿಗೆ ಮುಟ್ಟಲಿಲ್ಲ. ಹೊಸದಾಗಿ ಮದುವೆಯಾಗಿದ್ದ ರೂಪಿನ್ ಕತ್ಯಾಲ್ ಆ ವಿಮಾನದಲ್ಲೇ ಕೊಲೆಯಾದ. ಒತ್ತೆಯಾಳುಗಳಿಗೆ ಬದಲಾಗಿ ಬಿಟ್ಟ ಮೂವರಲ್ಲಿ ಮಸೂದ್ ಅಜರ್ ಒಬ್ಬ. ಅವನು ಕಟ್ಟಿದ ಜೈಷ್ ಸಂಘಟನೆಯದೇ ಕೃತ್ಯವೆಂದು ಭಾರತ ಹೇಳಿದ 2016ರ ಪಠಾಣಕೋಟ್ ದಾಳಿಯಲ್ಲಿ, ಬೆಂಗಳೂರಿನಲ್ಲೇ ಬೆಳೆದ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ತೀರಿಕೊಂಡರು. ಅವರಿಗೆ ಪುಟ್ಟ ಮಗಳಿದ್ದಳು. ಒಂದು ಅಪಹರಣದ ಲೆಕ್ಕ ಎಷ್ಟು ಮನೆಗಳಲ್ಲಿ ಚುಕ್ತಾ ಆಗಬೇಕೋ!

ಪಕ್ಕದ ಮನೆಯಾಕೆಗೆ ನನಗೆ ತಿಳಿದಷ್ಟು ಹೇಳಿದೆ. 2009ರ ಗಣರಾಜ್ಯ ದಿನದಂದು ಅಶೋಕ ಚಕ್ರವನ್ನು ರಾಷ್ಟ್ರಪತಿ ಪ್ರತಿಭಾ ಪಾಟೀಲರ ಕೈಯಿಂದ ಪಡೆದದ್ದು ತಾಯಿ ಧನಲಕ್ಷ್ಮಿಯವರೇ. ತಂದೆತಾಯಿ ಮಗನ ಸಾಮಾನುಗಳನ್ನು ಮನೆಯಲ್ಲಿ ಜೋಪಾನವಾಗಿಟ್ಟರು, ನೋಡಬಂದವರಿಗೆ ತೋರಿಸಿದರು.

"ಬಟ್ಟೆನೂ ಅದಾವೇನ್ರೀ?" ಎಂದಳು.

ಇರಬಹುದು ಎಂದೆ. ಆಕೆ ಮತ್ತೇನೂ ಕೇಳಲಿಲ್ಲ. ಹೊರಗೆ ಹಗ್ಗದ ಮೇಲೆ ಒಣಗಿದ್ದ ಮಗನ ಓಟದ ಬನಿಯನ್ನು ಎಳೆದುಕೊಂಡು, ಧೂಳು ಕೊಡವುತ್ತಾ ಒಳಗೆ ಹೋದಳು.